ಮೂರರೊಳಗಿನವರು

ಆರೂಕಾಲಿಗೆ ಬಾಗಿಲು ತಟ್ಟುತ್ತಾನೆ ಆಸ್ಗರನ ಅಪ್ಪ.
ಬಂದರಿನಲ್ಲಿ ಮೀನಿನ ಹರಾಜಿಗೆ ಹೊತ್ತಾಗಿದೆ,
ಮಗನನ್ನು ನಿದ್ದೆಯ ಸಮೇತ ನನ್ನ ತೋಳಿಗೆ ದಾಟಿಸಿ
'ರಾತ್ರಿ ಕೆಮ್ಮಿದ' ಎಂದಷ್ಟೇ ಹೇಳಿ ಹೋಗುತ್ತಾನೆ.
ಲೆಮ್‌ವಿಯಲ್ಲಿ ಜನವರಿಯ ಬೆಳಗಾಗುವುದು ಒಂಬತ್ತಕ್ಕೆ.
ಅಲ್ಲಿಯವರೆಗೆ ಗಂಜಿ ಕುದಿಯುವ ಸದ್ದು,
ಅಡುಗೆಮನೆಯ ಒಂದೇ ದೀಪ.

ಏಳಕ್ಕೆ ಈಲ್ವ, ಏಳೂವರೆಗೆ ಕಾರ್ಲ,
ಕೊನೆಗೆ ಕೊನ್ರಾಡ್, ಒಂದೇ ಕಾಲಿಗೆ ಬೂಟು.
ಇನ್ನೊಂದು ಕಾರಿನಲ್ಲಿದೆ ಎನ್ನುತ್ತಾಳೆ ಅವನಮ್ಮ.
ಕಾರಿನಲ್ಲಿ ಇರುವುದಿಲ್ಲ.

ನಾಲ್ವರು. ಎಂಟು ಕೈಗವಸು, ಏಳು ಬೂಟು,
ನಾಲ್ಕು ಟೊಪ್ಪಿಗೆ, ಸದಾ ಸೋರುವ ನಾಲ್ಕು ಮೂಗು.
ಅಂಗಳಕ್ಕೆ ಇಳಿಯಬೇಕೆಂದರೆ ಮುಕ್ಕಾಲು ಗಂಟೆಯ ಯುದ್ಧ:
ಜಿಪ್ಪು ಕತ್ತಿನವರೆಗೆ ಏರಿದ ಮೇಲೇ
ಆಸ್ಗರನಿಗೆ ಕಕ್ಕ ಬರುವುದು.
ಬಿಚ್ಚು. ತೊಳೆ. ಮತ್ತೆ ತೊಡಿಸು.
ಅಷ್ಟರಲ್ಲಿ ಎಲ್ಲರಿಗಿಂತ ಮೊದಲು ತೊಟ್ಟವಳು
ಉಣ್ಣೆಯೊಳಗೆ ಬೆವೆತು ಬಿಕ್ಕುತ್ತಾಳೆ.
ಸೊಂಟ ಹಿಡಿದು ಏಳುತ್ತೇನೆ.
ಈ ಸೊಂಟಕ್ಕೆ ಮೂವತ್ತೊಂದು ವರ್ಷದ ಸರ್ವಿಸು.

ಪುರಸಭೆಯ ಮೇಲ್ವಿಚಾರಕಿ ತಿಂಗಳಿಗೊಮ್ಮೆ ಬರುತ್ತಾಳೆ,
ಚಿಕ್ಕ ವಯಸ್ಸು, ಒಳ್ಳೆಯವಳು.
'ಈ ತಿಂಗಳ ಕಲಿಕೆಯ ಗುರಿ ಏನು, ತೋವ?' ಎಂದು ಕೇಳುತ್ತಾಳೆ.
ನನ್ನ ಮಡಿಲಲ್ಲಿ ಕೂತ ಕಾರ್ಲ ಕಾಲುಚೀಲ ಎಳೆದು ತೆಗೆದು
ಬಹಳ ಯೋಚಿಸಿ, ಅದನ್ನು ನನ್ನ ಕಾಫಿಯೊಳಗೆ ಬಿಡುತ್ತಾಳೆ.
'ಇದೇ' ಎನ್ನುತ್ತೇನೆ.
ಬರೆದುಕೊಂಡಳೋ ಏನೋ.

ಹನ್ನೊಂದಕ್ಕೆ ರೈ ಬ್ರೆಡ್ಡು, ಮೇಲೆ ಹಂದಿಯ ಈಲಿ ಅರೆದು ಸವರಿದ್ದು.
ನೆಲಕ್ಕೆ ಬಿದ್ದದ್ದು ನಾಯಿಯ ಪಾಲು; ನಾಯಿ ಈಗ ಪೀಪಾಯಿ.
ಆಮೇಲೆ ನಿದ್ದೆ. ಹೊರಗೆ, ಗೋಡೆಯ ಮರೆಯಲ್ಲಿ,
ಸಾಲಾಗಿ ನಿಂತ ನಾಲ್ಕು ತಳ್ಳುಗಾಡಿಗಳಲ್ಲಿ,
ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ.
ನನ್ನನ್ನೂ ಹೀಗೇ ಮಲಗಿಸಿದ್ದರು, ನನ್ನಮ್ಮನನ್ನೂ.
ಪುಕ್ಕದ ರಜಾಯಿ, ಮೂಗು ಮಾತ್ರ ಆಚೆ.
ಹತ್ತು ನಿಮಿಷಕ್ಕೊಮ್ಮೆ ಹೋಗಿ ಬೆರಳ ಹಿಂಬದಿಯನ್ನು
ಒಂದೊಂದು ಮೂಗಿನ ಹತ್ತಿರ ಹಿಡಿಯುತ್ತೇನೆ.
ಬಿಸಿ. ಬಿಸಿ. ಬಿಸಿ.
ನಾಲ್ಕನೆಯದಕ್ಕೆ ಯಾವಾಗಲೂ ಒಂದು ಗಳಿಗೆ ಹೆಚ್ಚು ಬೇಕು.
ಬಿಸಿ.

ಅಂಥ ಹೊತ್ತಲ್ಲೇ ಬಂದ, ಮೊನ್ನೆ, ಪ್ಲಂಬರು.
ವಾರದಿಂದ ಸಿಂಕಿನಲ್ಲಿ ನೀರು ಇಳಿಯುತ್ತಿರಲಿಲ್ಲ.
ಆರಡಿ ಎತ್ತರ, ಕೆಂಪು ಗಡ್ಡ, ಹೆಸರು ಎಸ್ಕಿಲ್.
ಹೋದ ವರ್ಷವಷ್ಟೇ ಈ ಊರಿಗೆ ಬಂದನಂತೆ,
ಚಿಕ್ಕವನಿದ್ದಾಗ ಇಲ್ಲೇ ಇದ್ದರಂತೆ, ಏನೂ ನೆನಪಿಲ್ಲವಂತೆ.
'ಬೆಚ್ಚಗಿದೆ ಮನೆ' ಎಂದ, ಅಪರಿಚಿತರ ಮನೆಯಲ್ಲಿ ಹೇಳುವಂತೆ.
ಎರಡು ವರ್ಷ ಇದೇ ನೆಲವನ್ನು
ಹೊಟ್ಟೆಯಿಂದ ಒರೆಸಿದವನು.
ಕ್ಯಾರೆಟ್ ಮುಟ್ಟುತ್ತಿರಲಿಲ್ಲ. ಗುಡ್ಡದ ಗಾಳಿಯಂತ್ರ ಕಂಡರೆ
ನನ್ನ ಲಂಗದೊಳಗೆ ಮುಖ ಹುದುಗಿಸುತ್ತಿದ್ದ.
ಎಡಕಿವಿ ತಿರುಚಿಕೊಳ್ಳದೆ ನಿದ್ದೆ ಹೋಗುತ್ತಿರಲಿಲ್ಲ.

ಕೊಳವೆ ಬಿಚ್ಚಿ, ತೋಳು ತೂರಿಸಿ, ಕಪ್ಪು ಕೆಸರಿನಿಂದ
ಎಳೆದು ತೆಗೆದ ಒಂದು ಪುಟ್ಟ ಚಮಚ,
ಹಿಡಿಯ ತುದಿಯಲ್ಲಿ ಕರಡಿ.
'ಯಾವ ತುಂಟನ ಕೆಲಸವೋ!' ಎಂದು ನಕ್ಕ.
'ಯಾರಿಗೆ ಗೊತ್ತು' ಎಂದೆ.

ಎರಡು ದಿನ ಹುಡುಕಿದ್ದೆವು ಅದನ್ನು.
ಸೋಫಾದ ಅಡಿ ನನ್ನ ಜೊತೆ ಬಗ್ಗಿ ಬಗ್ಗಿ
ಅವನೂ ನೋಡಿದ್ದ, ಕಳ್ಳ.

ಹೇಳಬಹುದಿತ್ತು. ಹೇಳಿದರೆ ಏನು ಹೇಳಲಿ?
ಯಾರಿಗೂ ನೆನಪಿರದ ವರ್ಷಗಳಲ್ಲೇ ನನ್ನ ಉದ್ಯೋಗ.
ಅಡಿಪಾಯ ಅನ್ನುತ್ತಾಳೆ ಮೇಲ್ವಿಚಾರಕಿ.
ಇರಬಹುದು. ನನಗೇನೋ ಅದು
ಸಿಂಕಿನ ಕೊಳವೆ ಎಂದೇ ಅನಿಸುತ್ತದೆ:
ಎಲ್ಲ ಇಳಿದುಹೋಗುತ್ತದೆ,
ಎಲ್ಲೋ ಒಂದು ಚಮಚ ಅಡ್ಡ ನಿಲ್ಲುತ್ತದೆ.

ಮೇಜಿನ ಮೇಲೆ ಬಗ್ಗಿ ಬಿಲ್ಲಿನ ಮೊತ್ತ ಕೂಡುತ್ತ
ಅವನ ಕೈ ಎಡಕಿವಿಗೆ ಹೋಯಿತು.
ನಾನು ಕಿಟಕಿಯ ಕಡೆ ತಿರುಗಿ
ಥರ್ಮಾಮೀಟರು ನೋಡಿದೆ. ಎರಡಿದ್ದದ್ದು ಮೂರಾಗಿತ್ತು.

ಅವನ ವ್ಯಾನು ತಿರುವು ದಾಟುವ ಮೊದಲೇ ಆಚೆಯಿಂದ ಅಳು.
ಯಾರದೆಂದು ಬಾಗಿಲು ತೆರೆಯದೆಯೂ ಗೊತ್ತು.
ಎತ್ತಿಕೊಂಡೆ, ಒದ್ದೆ, ಕೆಂಪು, ಸಿಟ್ಟಿನ ಉಂಡೆ.
ಗಾಡಿಯ ತಳದಲ್ಲಿ, ರಜಾಯಿಯ ಅಡಿಯಲ್ಲಿ,
ಕೊನ್ರಾಡನ ಇನ್ನೊಂದು ಬೂಟು.