ಗಾಜಿನೊಳಗಿನ ಗುಡಾರ

ಆರು ವರ್ಷ ಅದು ಗಾಜಿನೊಳಗೇ ನಿಂತಿತ್ತು,
ನಿಜ್ವಾದ ನಮ್ಮ ಅಂಗಡಿಯಲ್ಲಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು,
ಎದುರಿಗೆ ಕಾಗದದ ಬೆಂಕಿ, ಬೆಂಕಿಯೊಳಗೊಂದು ಕಿತ್ತಳೆ ಬಲ್ಬು.
ದಿನಾ ಬೆಳಿಗ್ಗೆ ಸ್ವಿಚ್ಚೊತ್ತಿ ನಾನೇ ಹಚ್ಚುತ್ತಿದ್ದೆ ಆ ಒಲೆ.

ನಾಲ್ಕು ಜನಕ್ಕೆ, ಮೂವತ್ತೆಂಟು ರಿಯಾಲು,
ನೀರು ಇಳಿಯದು, ಗಾಳಿ ತಡೆಯುತ್ತದೆ:
ಚೀಟಿಯಲ್ಲಿದ್ದದ್ದನ್ನು ನಾಲಿಗೆ ತಾನೇ ಹೇಳುತ್ತಿತ್ತು
ಅರಬಿಯಲ್ಲಿ, ಹಿಂದಿಯಲ್ಲಿ, ಬಾರದ ಇಂಗ್ಲಿಷಿನಲ್ಲಿ.
ಎಷ್ಟು ಮಾರಿದೆನೋ, ಲೆಕ್ಕ ಡೊಲ್ಫಿಯ ಪುಸ್ತಕದಲ್ಲಿದೆ.
ಒಂದರಲ್ಲೂ ಮಲಗಿದವನಲ್ಲ.

ಅರ್ಬಾಬರ ಮಗಳ ನಿಕಾಹು. ಎರಡು ದಿನ ಬಾಗಿಲು ಬಂದ್.
"ಬೇಕಾದರೆ ಒಯ್ಯಿರಿ," ಅಂದರು, ಖುಷಿಯಲ್ಲಿದ್ದರು,
"ಕಲೆಯಾಗಬಾರದು, ಅಷ್ಟೇ."

ಮೊಯ್ದಿನಬ್ಬನ ಪಿಕಪ್ಪು ಅಲ್ ಹಮ್ರಾ ದಾಟಿ ಏರಿತು,
ಡಾಂಬರು ಮುಗಿದ ಮೇಲೂ ಏರಿತು.
ಡೊಲ್ಫಿ ಕಣ್ಣು ಮುಚ್ಚಿ ಜಪಸರ ಹಿಡಿದಿದ್ದ,
ತಿರುವಿಗೊಂದು ಮಣಿ.

ಕ್ಯಾಂಪಿನ ಜಾಗ ಅಂದರೆ ಇಷ್ಟೇ:
ಸುಣ್ಣ ಬಳಿದ ಕೆಲವು ಕಲ್ಲು, ನೀಲಿ ಟಾಂಕಿ, ಖಾಲಿ,
ಯಾರೋ ಬಿಟ್ಟುಹೋದ ಬೂದಿ,
ಒಂದು ಜುನಿಪರ್ ಮರ, ಅರ್ಧ ಸತ್ತದ್ದು, ಅರ್ಧ ಹಟ ಹಿಡಿದದ್ದು.
"ಕಕ್ಕಸು ಎಲ್ಲಿ?" ಅಂದ ಡೊಲ್ಫಿ.
ಮೊಯ್ದಿನಬ್ಬ ಇಡೀ ಬೆಟ್ಟಸಾಲನ್ನು ಕೈಬೀಸಿ ತೋರಿಸಿದ.
ಹತ್ತು ಹೆಜ್ಜೆಯಾಚೆ ನೆಲವೇ ಇಲ್ಲ.
ಕೆಳಗೆ, ತುಂಬ ಕೆಳಗೆ, ಒಂದು ಹದ್ದು ಹಾರುತ್ತಿತ್ತು.
ಹದ್ದಿನ ಬೆನ್ನು ನೋಡಿದ್ದು ನಾನು ಅದೇ ಮೊದಲು.

ಚೀಲ ಬಿಚ್ಚಿದರೆ ಗೂಟಗಳಿಲ್ಲ!
"ಎಲ್ಲ ಒಳಗೇ ಇದೆ ಸಾರ್" ಅಂತ
ನೂರಾರು ಜನಕ್ಕೆ ಹೇಳಿ ಕಳಿಸಿದ ಬಾಯಿ ನನ್ನದು.
ಅಂಗಡಿಯಲ್ಲಿ ಅದನ್ನು ನಿಲ್ಲಿಸಿದ್ದು ಗೂಟವಲ್ಲ, ಟೇಪು.
ಬಂಡೆಗಳಿಗೇ ಹಗ್ಗ ಸುತ್ತಿದೆವು, ಹಡಗು ಕಟ್ಟುವ ಹಾಗೆ.

ಆಡುಗಳ ಹಿಂದೆ ಬಂದ ಮುದುಕಿ ನಸ್ರಾ
ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಕ್ಕಳು.
ಬಾಗಿಲು ತಿರುಗಿಸಿ, ಅಂದಳು, ಕೈಯಲ್ಲೇ.
ಬಾಗಿಲು ಗಿರಾಕಿಯ ಕಡೆಗಿರಬೇಕು, ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟು;
ಇಲ್ಲಿ ಗಿರಾಕಿ ಯಾರು? ಗಾಳಿ.
ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟುವಷ್ಟರಲ್ಲಿ
ಅವಳ ಕರಿ ಆಡೊಂದು ಬೆಲೆಚೀಟಿ ತಿಂದು ಮುಗಿಸಿತ್ತು.
ನಿಧಾನಕ್ಕೆ, ಕಣ್ಣು ಅರೆಮುಚ್ಚಿ, ಮೂವತ್ತೆಂಟು ರಿಯಾಲು.

ಈ ಬೆಂಕಿಗೆ ಸ್ವಿಚ್ಚಿರಲಿಲ್ಲ.
ಊದಬೇಕು, ಬೈಯಬೇಕು, ಕಣ್ಣೀರು ಕೊಡಬೇಕು,
ಆಮೇಲೂ ಅದರ ಮರ್ಜಿ.
ಮೊಯ್ದಿನಬ್ಬ ಮೀನು ಸುಟ್ಟ. ಹೊರಗೆ ಕರಿಕಲು, ಒಳಗೆ ಹಸಿ.
ಒಂದು ಮುಳ್ಳೂ ಬಿಡದೆ ಚೀಪಿದೆವು.

ನಕ್ಷತ್ರಗಳಿದ್ದವು. ಚಳಿ ಅದಕ್ಕಿಂತ ಹೆಚ್ಚಿತ್ತು.
ನಡುರಾತ್ರಿ ಕಣಿವೆಯಿಂದ ಗಾಳಿ ಎದ್ದು ಬಂತು,
ಮುದುಕಿ ತೋರಿಸಿದ ದಿಕ್ಕಿನಿಂದಲೇ,
ಗುಡಾರ ಒಮ್ಮೆ ಒಳಗೆಳೆದುಕೊಂಡು, ಉಬ್ಬಿ, ನಡುಗಿ,
ಆರು ವರ್ಷ ಹಿಡಿದಿದ್ದ ಉಸಿರನ್ನು ಬಿಟ್ಟಿತು.
ಮೂವರೂ ಒಂದೇ ಕಂಬಳಿಯಲ್ಲಿ, ಮೊಣಕಾಲಿಗೆ ಮೊಣಕಾಲು,
ಡೊಲ್ಫಿ ಏಸುವನ್ನು ಕರೆದ, ಮೊಯ್ದಿನಬ್ಬ ಅಲ್ಲಾಹನನ್ನು,
ನಾನು ಬಟ್ಟೆಗೆ ಅಂಗೈ ಒತ್ತಿ ಹಿಡಿದಿದ್ದೆ,
ಮೊದಲ ಸಲ ಸ್ನಾನ ಮಾಡಿಸುವ ಕರುವನ್ನು ಹಿಡಿಯುವ ಹಾಗೆ,
ಹೋ, ಹೋ, ಆಯಿತು, ಆಯಿತು ಅನ್ನುತ್ತಾ.

ಬೆಳಿಗ್ಗೆ ಒಂದು ಗಂಟು ಬಿಚ್ಚಲಾಗಲಿಲ್ಲ.
ಹಲ್ಲು ಹಾಕಿ ನೋಡಿದೆ. ಕೊನೆಗೆ ಕೊಯ್ದೆವು.
ಬಂಡೆಯ ಸೊಂಟದಲ್ಲಿ ಉಡಿದಾರದಂತೆ ಉಳಿಯಿತು ಹಗ್ಗ.

ಭಾನುವಾರ ಅದು ಮತ್ತೆ ಗಾಜಿನೊಳಗೆ.
ಮೂಲೆಯಲ್ಲಿ ಎರಡು ಹಿಕ್ಕೆ, ಗುಡಿಸಿಲ್ಲ.
ಅರ್ಬಾಬ್ ಮೂಗರಳಿಸಿದರು: "ಹೊಗೆ?"
"ಹಳೇ ಬಲ್ಬು ಸಾರ್," ಅಂದೆ, "ಬಿಸಿಯಾಗುತ್ತೆ."

ಮಧ್ಯಾಹ್ನ ಒಬ್ಬ ಹುಡುಗ ಬಂದ, ಹೊಸ ಮದುವೆಯವನಿರಬೇಕು,
ಪಕ್ಕದಲ್ಲಿ ನಾಚಿಕೊಂಡು ಹೆಂಡತಿ.
"ಇದು ಗಾಳಿ ತಡೆಯುತ್ತಾ?"
ನಾಲಿಗೆಯ ತುದಿಗೆ ಬಂದ ಚೀಟಿ ಅಲ್ಲೇ ನಿಂತಿತು.
ಕುರ್ಚಿ ಎಳೆದು ಕೂರಿಸಿದೆ ಅವರನ್ನು.
"ಬಾಗಿಲು ಎತ್ತ ಇಡುತ್ತೀರಿ," ಅಂದೆ,
"ಮೊದಲು ಅದು ಹೇಳಿ."