ಒಬ್ಬರು ನೋಡುತ್ತಿದ್ದಾರೆ

ಅರ್ಖಾಂಗಾಯ್, ಮಂಗೋಲಿಯಾ, ಜುಲೈ

ಅಣ್ಣನ ಬೈಕಿನ ಮೇಲೆ ಹಿಂದುಮುಂದಾಗಿ ಕೂತಿದ್ದೇನೆ,
ಬೆನ್ನಿಗೆ ಬೆನ್ನು.
ಒಂದು ಕೈ ಸೀಟಿನ ಕಬ್ಬಿಣಕ್ಕೆ, ಇನ್ನೊಂದರಲ್ಲಿ ಫೋನು.
ನಿಲುವಂಗಿಯ ಮಡಿಕೆಯೊಳಗೆ ಪವರ್ ಬ್ಯಾಂಕು,
ಆಗಷ್ಟೇ ಈದ ಕುರಿಮರಿಯ ಹಾಗೆ ಬೆಚ್ಚಗೆ.

ಮುಂದೆ ಎಲ್ಲಿ ಹಳ್ಳವೋ, ಅದು ಅಣ್ಣನ ಚಿಂತೆ.
ನನಗೆ ಕಾಣುವುದು ಹಿಂದಿನಿಂದ ಬರುತ್ತಿರುವುದು ಮಾತ್ರ:
ಎರಡು ವರ್ಷ ತುಂಬಿದ ಕುದುರೆಮರಿಗಳು, ತೊಂಬತ್ತು,
ಬೆನ್ನ ಮೇಲೆ ಹಾಲುಹಲ್ಲಿನ ಸವಾರರು,
ಗಂಟಲು ಕಿತ್ತು ಬರುವಂಥ ಕೂಗು.

ಗುಡ್ಡದ ಮೇಲಿನ ಕಲ್ಲುರಾಶಿಯ ಬಳಿ,
ನೀಲಿ ಬಟ್ಟೆ ಪಟಪಟಿಸುವಲ್ಲಿ
ಸಿಗ್ನಲ್ಲು ಎರಡು ಕಡ್ಡಿ.
ಇಳಿದರೆ ಒಂದು.
ಬೆಳಿಗ್ಗೆ ಅದಕ್ಕೆ ಮೂರು ಸುತ್ತು ಬಂದೆವು.
ದೇವರಿಗೋ ಟವರಿಗೋ, ಕೇಳಬೇಡಿ.

ಸಾವಿರದ ಮುನ್ನೂರ ನಲವತ್ತು ಜನ ನೋಡುತ್ತಿದ್ದಾರೆ.
ದಕ್ಷಿಣದ ಕಲ್ಲಿದ್ದಲ ಗಣಿಯಲ್ಲಿ ಲಾರಿ ನಿಲ್ಲಿಸಿಕೊಂಡವರು,
ಸಿಯೋಲ್‌ನಲ್ಲಿ ಪ್ಲಾಸ್ಟಿಕ್ ಅಚ್ಚಿನ ಪಾಳಿ ಮುಗಿಸಿದವರು,
ದರ್ಖಾನಿನ ಹಲ್ಲಿನ ಡಾಕ್ಟರೊಬ್ಬರು,
ಬಾಯಿ ತೆರೆದ ರೋಗಿಯನ್ನು ಹಾಗೇ ಬಿಟ್ಟು.

ಬರೀ ಧೂಳು ಕಾಣ್ತಿದೆ, ಕುದುರೆ ತೋರಿಸು.
ಫೋನು ಅಡ್ಡ ಹಿಡಿಯೇ.
ನಮ್ಮ ಕೆಂಚ ಎಲ್ಲಿ? ಕೆಂಚ ಎಲ್ಲಿ?

ನಾವು ಕುದುರೆಗೆ ಹೆಸರಿಡುವವರಲ್ಲ, ಬಣ್ಣವೇ ಹೆಸರು.
ಈ ಫೋನಿನ ಕಣ್ಣೋ
ಎದುರುಬಿಸಿಲಿಗೆ ಕೆಂಚನನ್ನು ಕರಿಯ ಮಾಡುತ್ತದೆ,
ಬೂದನನ್ನು ಬಿಳಿಯ.
ಎಂಟುನೂರು ಕಿಲೋಮೀಟರ್ ದೂರದಲ್ಲಿ ಯಾರೋ
ಬೇರೆಯವರ ಕುದುರೆಗೆ ತೊಡೆ ತಟ್ಟುತ್ತಿರಬಹುದು.

ಸಾಲದ್ದಕ್ಕೆ ಇಪ್ಪತ್ತು ಸೆಕೆಂಡು ತಡ.
ಇಲ್ಲಿ ಗೆದ್ದಾಗಿದೆ. ಅಲ್ಲಿ ಇನ್ನೂ ಓಡುತ್ತಿದೆ.
ಇಲ್ಲಿ ಜನ ನುಗ್ಗಿ
ಗೆದ್ದದ್ದರ ಬೆವರು ಬಳಿದು ಹಣೆಗೆ ಹಚ್ಚಿಕೊಳ್ಳುತ್ತಿದ್ದಾರೆ,
ಅದೆಬ್ಬಿಸಿದ ಧೂಳಿಗೆ ಮೈಯೊಡ್ಡಿ ನಿಂತಿದ್ದಾರೆ,
ವರ್ಷವಿಡೀ ಅದೃಷ್ಟವಂತೆ.
ಅಲ್ಲಿ, ಅದೇ ಧೂಳಿಗಾಗಿ
ನನಗೆ ಬೈಗುಳ.

ಮೊದಲ ಐದು ಗೆರೆ ದಾಟಿದವೋ ಇಲ್ಲವೋ
ಅಂಕಿ ಇಳಿಯತೊಡಗಿತು,
ತೂತುಬಿದ್ದ ತೊಗಲಿನ ಚೀಲದಿಂದ ಹಾಲು ಸೋರಿದಂತೆ.
ಒಂಬೈನೂರು. ಇನ್ನೂರ ಹತ್ತು. ಹದಿನೇಳು.
ಡಾಕ್ಟರು ಬಾಯಿಗೆ ಮರಳಿದರು.
ಒಂದು.

‘ನಿಲ್ಸೇ, ಡೇಟಾ ದಂಡ’ ಅಂದ ಅಣ್ಣ.
ನಿಲ್ಲಿಸುತ್ತಿದ್ದೆ.
ಆದರೆ ಆ ಒಂದು ಸೊನ್ನೆಯಾಗಲೊಲ್ಲದು,
ಹೊಸ್ತಿಲಲ್ಲೇ ನಿಂತು
ಒಳಗೂ ಬಾರದ, ಹೋಗಲೂ ಒಲ್ಲದ ನೆಂಟನ ಹಾಗೆ.
ಗುಡಾರದಲ್ಲಿ ಆರಿಸಲು ಮರೆತ ನನ್ನದೇ ಹಳೆಯ ಫೋನೋ?
ಜೇಬಿನೊಳಗೆ ತಾನೇ ಒತ್ತಿಕೊಂಡ ಯಾರದೋ ಪರದೆಯೋ?

ಆಗ ಬಂತು ಕೊನೆಯದು,
ನಡೆದುಕೊಂಡು.
ಮೇಲೆ ದಶ್ನ್ಯಾಮ್, ಏಳು ವರ್ಷ.
ಎದೆಯ ಚೀಟಿಯ ಪಿನ್ನು ಕಳಚಿ ಅಂಕಿ ತಲೆಕೆಳಗು.
ಸುಂಬಳ ಒರೆಸಿ ಒರೆಸಿ ತೋಳು ಗಟ್ಟಿ.

ಕೊನೆಯ ಮರಿಗೂ ಹಾಡುವುದು ನಮ್ಮ ವಾಡಿಕೆ.
ಮುದುಕ ಗೊಂಬೊದೊರ್ಜ್ ಟೋಪಿ ನೆಟ್ಟಗಿಟ್ಟುಕೊಂಡು
ಗೆದ್ದವನಿಗೆ ತೆಗೆದಷ್ಟೇ ದನಿ ತೆಗೆದ:
ಹೊಟ್ಟೆ ತುಂಬ ಮೇದವನೇ, ನಿನಗೇನಿತ್ತೋ ಅವಸರ,
ಬರುವ ವರ್ಷ ಉಳಿದವೆಲ್ಲ
ನಿನ್ನ ಬಾಲ ನೋಡುತ್ತ ಬರಲಿ.

ಬ್ಯಾಟರಿ ಮೂರು.
ಹುಡುಗ ತಲೆ ತಗ್ಗಿಸಿಕೊಂಡೇ ಇಳಿದ,
ಅತ್ತ ಹೋಗಿ ಒಣಮೊಸರಿನ ತುಂಡು ಜಗಿಯತೊಡಗಿದ.
ಆಮೇಲೆ ಪರದೆಯ ಮೂಲೆಯಿಂದ
ಒಂದೇ ಒಂದು ಕೆಂಪು ಹೃದಯ
ಮೆಲ್ಲಗೆ ಮೇಲೇರಿತು,
ಯಾರೂ ಇಲ್ಲದ ಗೆರೆಯ ಮೇಲೆ.

ತೋರಿಸಲು ಓಡಿದೆ. ಅಷ್ಟರಲ್ಲಿ ಫೋನು ಆರಿತ್ತು.

‘ಎಷ್ಟು ಜನ ನೋಡಿದ್ರು?’
‘ಒಬ್ಬರು.’
‘ಯಾರು?’
‘ಗೊತ್ತಿಲ್ಲ ಕಣೋ.’

ಅವನು ಜಗಿಯುವುದನ್ನು ನಿಲ್ಲಿಸಿ,
ಆ ಕಪ್ಪು ಗಾಜಿನೆದುರು ಬಂದು ನಿಂತು,
ಎದೆಯ ಚೀಟಿ ತಿರುಗಿಸಿ
ಸರಿಮಾಡಿಕೊಂಡ.