ವಿಳಾಸದ ಆಯಸ್ಸು

ನಮ್ಮ ಮನೆ ನಂಬರು ಹನ್ನೆರಡು, ಆರು, ನೂರ ನಲವತ್ತಮೂರು, ಬೈ ಎರಡು, ಎ.
ಬೈ ಎರಡು ಅಂದರೆ ಅಜ್ಜಂದಿರು ಬೇರೆಯಾದ ವರ್ಷ,
ಎ ಅಂದರೆ ಚಿಕ್ಕಪ್ಪ ಗೋಡೆ ಎತ್ತಿದ ವರ್ಷ.
ಪೋಸ್ಟಿನ ಮಾರೆಪ್ಪ ಇದನ್ನೆಲ್ಲ ಓದುವುದಿಲ್ಲ.
"ಅಂಬಕ್ಕಾ, ಪಾಲಿಟೆಕ್ನಿಕ್ಕಿಂದು ಬಂದಾದ ನೋಡು" ಅಂತ ಒಳಗೆಸೆದು ಹೋಗುತ್ತಾನೆ.

ಎದುರಿನ ವಾಡೆಗೆ ಒಂದೇ ನಂಬರು, ಒಳಗೆ ಹನ್ನೊಂದು ಒಲೆ.
ಬಾಗಿಲಲ್ಲಿ ಎಲೆಡಿಕೆ ಚೀಲ ತೊಡೆ ಮೇಲಿಟ್ಟು ಖಾದರಬೀ ಕೂತಿರುತ್ತಿದ್ದಳು.
ಒಳಗಿಂದ ಯಾರು ಬರೆದರು, ಉತ್ತರ ಯಾರಿಗೆ ಹೋಗಬೇಕು,
ಎಲ್ಲ ಅವಳ ತಲೆಯಲ್ಲಿ.
ಹೊರಗಿನವರು ತಾವಾಗಿ ಕೇಳಿಬಂದರೆ ಮಾತ್ರ
"ಅಂಥವರು ಇಲ್ಲಿ ಯಾರೂ ಇಲ್ಲ."
ಲೋಕದ ಎಷ್ಟೋ ಇಂಟರ್ನೆಟ್ ಇವತ್ತಿಗೂ
ಒಬ್ಬ ಖಾದರಬೀಯ ನೆನಪಿನ ಮೇಲೆ ನಡೆಯುತ್ತದೆ ಅಂದರೆ
ಕ್ಲಾಸಿನಲ್ಲಿ ನಗುತ್ತಾರೆ, ಪರೀಕ್ಷೆಯಲ್ಲಿ ಬರೆಯುವುದಿಲ್ಲ.
ಅವಳು ಮಗಳ ಊರು ಮಾನ್ವಿಗೆ ಹೋದಳು.
ಹನ್ನೊಂದು ಒಲೆಯ ಕಾಗದ ಒಂದೇ ಕಿಟಕಿಯಲ್ಲಿ ಧೂಳು ತಿಂದವು.

ಹೊಸ ವಿಳಾಸ ಹಾಗಲ್ಲ. ನೂರಿಪ್ಪತ್ತೆಂಟು ಬಿಟ್ ಉದ್ದ,
ಪ್ರತಿ ಒಲೆಗೆ, ಒಲೆ ಮೇಲಿನ ಪ್ರತಿ ಪಾತ್ರೆಗೆ,
ಪಾತ್ರೆಯ ಪ್ರತಿ ಅಗುಳಿಗೆ ಒಂದೊಂದು ಕೊಟ್ಟರೂ ಮುಗಿಯದು.
ನಡುವೆ ಸಾಲುಸೊನ್ನೆ ಬಂದರೆ
ಎರಡು ಕೋಲನ್ ಇಟ್ಟು ನುಂಗಬಹುದು, ಒಂದು ವಿಳಾಸದಲ್ಲಿ ಒಂದೇ ಸಲ.
ಎರಡು ಸಲ ನುಂಗಿದರೆ ಎಲ್ಲಿ ಎಷ್ಟು ನುಂಗಿದೆ ಅಂತ ಲೆಕ್ಕ ಸಿಗದು.
ಈ ನಿಯಮ ನನ್ನದಲ್ಲ, ಆದರೆ ಮನೆಯಲ್ಲೂ ಪಾಲಿಸುತ್ತೇನೆ:
ಒಂದು ಜಗಳಕ್ಕೆ ಒಂದೇ ಮೌನ.

ನನ್ನದು ಒಂದೇ ವಾಕ್ಯ.
ನಾಲ್ಕು ಹರದಾರಿ ಆಚೆ ಶಕ್ತಿನಗರ ಉರಿಯುತ್ತಿದ್ದರೂ
ರಾಯಚೂರಿನಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ.
ಲ್ಯಾಬಿನ ರೂಟರು ಸತ್ತು ಹುಟ್ಟುತ್ತದೆ, ಹೊಸ ಓಣಿಯ ಹೆಸರು ಹೊತ್ತು.
ಕಂಪ್ಯೂಟರುಗಳಿಗೆ ಯಾರೂ ಹೇಳಿರುವುದಿಲ್ಲ.
ಹಳೆಯ ವಿಳಾಸದಿಂದಲೇ ಕೂಗುತ್ತವೆ,
ಉತ್ತರಗಳು ಇಲ್ಲದ ಓಣಿ ಹುಡುಕಿಕೊಂಡು ಹೋಗುತ್ತವೆ.
ಬರೆದಿಟ್ಟ ಪ್ರಕಾರ ಆ ಹಳೆಯದಕ್ಕೆ ಆಯಸ್ಸು ಮೂವತ್ತು ದಿನ.
ಮೂವತ್ತು ದಿನ!
ಬರೆದವರ ಊರಲ್ಲಿ ದೀಪ ಆರುವುದಿಲ್ಲವೇನೋ.

ಮೂರು ವರ್ಷ ತಿದ್ದಿದೆ. ಕೇಳಿದರು:
"ಬೇಕು" ಅನ್ನುತ್ತೀರೋ, "ಒಳ್ಳೆಯದು" ಅನ್ನುತ್ತೀರೋ, "ಬಹುದು" ಅನ್ನುತ್ತೀರೋ?
ರಾಜೇಂದ್ರ ಗಂಜಿನ ಹತ್ತಿ ಕಾಟಾದ ಹಾಗೆ
ಅಲ್ಲಿ ಮೂರಕ್ಕೂ ತೂಕ ಗೊತ್ತುಮಾಡಿದ್ದಾರೆ.
ನಾನು ಬೇಕು ಅಂದೆ. ಹದಿನಾಲ್ಕು ತಿಂಗಳು ಬೇಕು ಬೇಕು ಅಂದೆ.
ಯಾವ ದೇಶದವರೋ, ಮೆತ್ತಗೆ ಬರೆದರು:
ಹಳೆಯ ಯಂತ್ರಗಳ ಗತಿಯೇನು?
ಲ್ಯಾಬಿನ ಮೂಲೆಯ ಹದಿನಾರು ವರ್ಷದ ಕರಿ ಡಬ್ಬಿ ನೆನಪಾಯಿತು.
ಅದಕ್ಕೆ ನಾನೇ ಸೆಣಬಿನ ದಾರ ಕಟ್ಟಿದ್ದೆ.
ಸುಮ್ಮನಾದೆ.

ಕಡೆಯ ಸಭೆ ನಮ್ಮ ರಾತ್ರಿ ಎರಡೂ ಮುಕ್ಕಾಲಿಗೆ.
ಮೇ ತಿಂಗಳ ಕಾವು, ಮಾಳಿಗೆ ಮೇಲೆ ಚಾಪೆ,
ಬ್ಯಾಟರಿ ಹದಿನೆಂಟು, ಓಣಿಗೆ ಓಣಿಯೇ ಆಕಾಶದ ಕೆಳಗೆ ಮಲಗಿದೆ.
ಅಲ್ಲಿ ಓಟು ಹಾಕಿಸುವುದಿಲ್ಲ.
ಒಪ್ಪಿದವರು ಗುನುಗಬೇಕು, ಬಾಯಿ ಮುಚ್ಚಿ, ಗಂಟಲಲ್ಲೇ.
ದೂರದ ಕೋಣೆಯಿಂದ ಜೇನುಹುಟ್ಟಿನ ಸದ್ದು ಬಂತು.
ನಮ್ಮಂಥವರಿಗೆ ಒಂದು ಗುಂಡಿ ಇತ್ತು, ಒತ್ತಿದೆ.
ಒತ್ತಿಯೂ ತಡೆಯದೆ ಹೂಂ ಅಂದೆ,
ಕಥೆ ಕೇಳುವವರು ಅನ್ನುವ ಹೂಂ, ಉದ್ದಕ್ಕೆ.
ಪಕ್ಕದ ಮಾಳಿಗೆಯಿಂದ ಬಷೀರಾ:
"ಯಾಕವ್ವಾ, ಹೊಟ್ಟಿ ನೋಯ್ಲಿಕತ್ತಾದೇನು?"

"ಒಳ್ಳೆಯದು" ಉಳಿಯಿತು. "ಬೇಕು" ನಿಲ್ಲಲಿಲ್ಲ.
ತಿಂಗಳು ಹೋಗಿ ಗಂಟೆಗಳಾದವು, ಅಷ್ಟು.
ಕೆಳಗೆ ಹೆಸರುಗಳ ಸಾಲಿನಲ್ಲಿ ನನ್ನದೂ, ಒಂದು ಅಕ್ಷರ ತಪ್ಪಾಗಿ.
ತಿದ್ದಲು ಮತ್ತೊಂದು ಅರ್ಜಿ ಹಾಕಬೇಕಂತೆ. ಹಾಕುತ್ತೇನೆ.

ನಿನ್ನೆ ಮಾರೆಪ್ಪ ಒಂದು ಕಾಗದ ಹಿಡಿದು ನಿಂತಿದ್ದ.
"ಖಾದರಬೀದು. ಎಲ್ಲಿಗೆ ಹಾಕ್ಲಿ? ನಂಬರು ಗೊತ್ತೇನು?"
ಓಣಿ ಗೊತ್ತಿಲ್ಲ, ನಂಬರು ಗೊತ್ತಿಲ್ಲ, ಅಳಿಯನ ಹೆಸರು ಮರೆತಿದೆ.
ಅವನ ಪೆನ್ನು ಇಸಿದುಕೊಂಡು ಹಳೆಯದನ್ನು ಹೊಡೆದು ಬರೆದೆ:
ಮಾನ್ವಿ, ಎರಡು ಕೋಲನ್, ಖಾದರಬೀ.